ಆರ್ಡರ್ ಹೆಚ್ಚಿದಾಗ ಡೇಟಾಬೇಸ್ ಎಲ್ಲಿ ಮೊದಲು ಕುಸಿಯುತ್ತದೆ

(ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಸ್ಟಾರ್ಟಪ್‌ಗಳಲ್ಲಿ ಕೆಲಸ ಮಾಡುವವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ನೇರವಾಗಿ ಲೆಕ್ಕಕ್ಕೇ ಬರೋಣ.

ಹುಬ್ಬಳ್ಳಿ-ಧಾರವಾಡದಲ್ಲಿ ಶುರುವಾದ ಒಂದು ಡೆಲಿವರಿ ಕಂಪನಿ ಅಂದುಕೊಳ್ಳಿ. ಊಟ, ಕಿರಾಣಿ, ಔಷಧ, ಏನೇ ಇರಲಿ, 40 ನಿಮಿಷದಲ್ಲಿ ಮನೆ ಮುಟ್ಟಿಸುವ ಕೆಲಸ. ಗದಗ, ಹಾವೇರಿ, ಬೆಳಗಾವಿ, ದಾವಣಗೆರೆ ಎಂದು ಊರು ಸೇರುತ್ತ ಹೋಗಿ, ಕಡೆಗೆ ರಾಜ್ಯದ ತುಂಬ ಹರಡಿ ದಿನಕ್ಕೆ 1 ಲಕ್ಷ ಆರ್ಡರ್ ಬರುತ್ತಿವೆ. ಒಂದು ಆರ್ಡರ್ ಹುಟ್ಟಿ ಮುಗಿಯುವುದರೊಳಗೆ ಡೇಟಾಬೇಸಿನಲ್ಲಿ ಹೆಚ್ಚು ಕಡಿಮೆ 20 ರೈಟ್ (ಬರೆಯುವ ಕೆಲಸ) ಆಗುತ್ತವೆ ಎಂದಿಟ್ಟುಕೊಳ್ಳಿ: ಆರ್ಡರಿನ ಒಂದು ಸಾಲು, ಅದರೊಳಗಿನ ಸಾಮಾನುಗಳ ಮೂರು ನಾಲ್ಕು ಸಾಲು, ಪೇಮೆಂಟಿನ ಎರಡು, ರೈಡರ್ ನೇಮಕದ ಎರಡು ಮೂರು, ಉಳಿದದ್ದೆಲ್ಲ ‘ಅಂಗಡಿ ಒಪ್ಪಿತು’, ‘ತಯಾರಾಯಿತು’, ‘ಎತ್ತಿಕೊಂಡರು’, ‘ಮುಟ್ಟಿತು’ ಎಂಬ ಸ್ಥಿತಿ ಬದಲಾವಣೆ. ದಿನಕ್ಕೆ 20 ಲಕ್ಷ ರೈಟ್. ಸೆಕೆಂಡಿಗೆ ಸರಾಸರಿ 23. ರಾತ್ರಿ ಊಟದ ಹೊತ್ತಿನ ಒಂದು ಗಂಟೆಯಲ್ಲಿ 12,000 ಆರ್ಡರ್ ಬಿದ್ದರೂ ಸೆಕೆಂಡಿಗೆ 67.

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶ ಓಡುವ ಒಂದು ಸಾಧಾರಣ ಸರ್ವರಿಗೆ ಇದು ಕೆಲಸವೇ ಅಲ್ಲ. ಹಾಗಿದ್ದರೂ ಇಷ್ಟು ಬೆಳೆದ ಹೊತ್ತಿಗೆ ಭಾಳ ಕಡೆ ಡೇಟಾಬೇಸ್ ರಾತ್ರಿ ಎಂಟಕ್ಕೆ ಉಸಿರುಗಟ್ಟುತ್ತದೆ. ಯಾಕೆ ಅನ್ನುವುದಕ್ಕೆ ಉಳಿದರ್ಧ ಲೆಕ್ಕ ನೋಡಿ. ಗಂಟೆಗೆ 12,000 ಆರ್ಡರ್, ಪ್ರತಿಯೊಂದೂ 40 ನಿಮಿಷ ಜೀವಂತ. ಅಂದರೆ ಯಾವ ಕ್ಷಣಕ್ಕೆ ನೋಡಿದರೂ 8,000 ಆರ್ಡರ್ ದಾರಿಯಲ್ಲಿರುತ್ತವೆ. ಗಿರಾಕಿಯ ಆ್ಯಪ್ 5 ಸೆಕೆಂಡಿಗೊಮ್ಮೆ ‘ಎಲ್ಲಿಗೆ ಬಂತು?’ ಎಂದು ಕೇಳಿದರೆ ಸೆಕೆಂಡಿಗೆ 1,600 ರೀಡ್. ಒಬ್ಬ ರೈಡರಿಗೆ ಎರಡು ಆರ್ಡರ್ ಎಂದರೂ 4,000 ರೈಡರು. ಅವರ ಫೋನು 5 ಸೆಕೆಂಡಿಗೊಮ್ಮೆ ಜಿಪಿಎಸ್ ಕಳಿಸಿದರೆ ಸೆಕೆಂಡಿಗೆ 800 ರೈಟ್. ವ್ಯಾಪಾರದ ನಿಜವಾದ ವ್ಯವಹಾರ 67. ಅದರ ಸುತ್ತಲಿನ ಗದ್ದಲ 2,400.

ಇವತ್ತು ಹೇಳಬೇಕಾದ ಮುಖ್ಯ ಮಾತು ಇಷ್ಟೇ. ಡೇಟಾಬೇಸ್ ಬೆಳೆಸುವುದು ಎಂದರೆ ದೊಡ್ಡ ಯಂತ್ರ ಕೊಳ್ಳುವುದಾಗಲಿ, ಮೊದಲ ದಿನವೇ ಶಾರ್ಡ್ ಮಾಡುವುದಾಗಲಿ (ಡೇಟಾವನ್ನು ಒಡೆದು ಹಲವು ಸರ್ವರುಗಳಿಗೆ ಹಂಚುವುದಾಗಲಿ) ಅಲ್ಲ. ಯಾವುದು ತಪ್ಪಿದರೆ ದುಡ್ಡು ಅಥವಾ ಆರ್ಡರ್ ಕಳೆದುಹೋಗುತ್ತದೋ ಅದಷ್ಟೇ ಮುಖ್ಯ ಡೇಟಾಬೇಸಿಗೆ ಹೋಗಬೇಕು. ಉಳಿದದ್ದು ಅದರ ಬಾಗಿಲಿಗೂ ಬರಬಾರದು. ನಾನು ಪೋಸ್ಟ್‌ಗ್ರೆಸ್ ಇಟ್ಟುಕೊಂಡೇ ಮಾತಾಡುತ್ತೇನೆ. ಮೈಎಸ್‌ಕ್ಯೂಎಲ್ ಬಳಸುವವರಿಗೆ ಒಳಗಿನ ವಿವರ ಬೇರೆಯಾದರೂ ಕ್ರಮ ಇದೇ.

ಮೊದಲು ಅಳೆಯಿರಿ

ಯಾವ ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಎಷ್ಟು ಸಮಯ ತಿಂದಿತು ಎಂದು ಲೆಕ್ಕ ಇಡುವ ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್ ಎಂಬ ಎಕ್ಸ್‌ಟೆನ್ಷನ್ ಪೋಸ್ಟ್‌ಗ್ರೆಸ್ ಜೊತೆಗೇ ಬರುತ್ತದೆ. ಶೇರ್ಡ್ ಪ್ರಿಲೋಡ್ ಲೈಬ್ರರೀಸ್ ಪಟ್ಟಿಗೆ ಅದನ್ನು ಸೇರಿಸಿ ಸರ್ವರ್ ಒಮ್ಮೆ ರೀಸ್ಟಾರ್ಟ್ ಮಾಡಬೇಕು. ಆದ್ದರಿಂದ ಆರ್ಡರ್ ಕಡಿಮೆ ಇರುವಾಗಲೇ ಹಾಕಿಟ್ಟುಕೊಳ್ಳಿ. ಅದರಲ್ಲಿ ಸರಾಸರಿ ಸಮಯದ ಮೇಲೆ ಕಣ್ಣಿಡಬೇಡಿ, ಒಟ್ಟು ಸಮಯದ ಮೇಲೆ ಇಡಿ. ದಿನಕ್ಕೆರಡು ಸಲ ಓಡುವ 9 ಸೆಕೆಂಡಿನ ರಿಪೋರ್ಟಿಗಿಂತ, ಸೆಕೆಂಡಿಗೆ 1,600 ಸಲ ಓಡುವ 4 ಮಿಲಿಸೆಕೆಂಡಿನ ಕ್ವೆರಿ ಸರ್ವರನ್ನು ಹೆಚ್ಚು ತಿನ್ನುತ್ತದೆ: ಗುಣಿಸಿ ನೋಡಿದರೆ ಪ್ರತಿ ಸೆಕೆಂಡಿಗೆ 6.4 ಸೆಕೆಂಡಿನ ಕೆಲಸ, ಅಂದರೆ ಆರು ಕೋರ್ ಅದಕ್ಕೇ ಮೀಸಲು.

ಆಮೇಲೆ ಆ ಕ್ವೆರಿಗೆ, ಅದು ಹೇಗೆ ಓಡುತ್ತದೆ ಎಂದು ತೋರಿಸುವ ಎಕ್ಸ್‌ಪ್ಲೇನ್ ಆದೇಶ ಹಾಕಿ, ಅನಲೈಜ್ (ನಿಜವಾಗಿ ಓಡಿಸಿ ಅಳೆಯುವುದು) ಮತ್ತು ಬಫರ್ಸ್ (ಎಷ್ಟು ಪುಟ ಮುಟ್ಟಿತು ಎಂಬ ಲೆಕ್ಕ) ಎರಡೂ ಆನ್ ಮಾಡಿ ನೋಡಿ. ಬಫರ್ಸ್ ಇಲ್ಲದೆ ನೋಡಿದರೆ ಅರ್ಧ ವಿಷಯ ಕಾಣುವುದಿಲ್ಲ. ಹತ್ತು ಸಾಲು ತರಲು 40,000 ಪುಟ ಮುಟ್ಟಿದೆ ಎಂದು ಅಲ್ಲಿ ಬರೆದಿದ್ದರೆ, ಪೋಸ್ಟ್‌ಗ್ರೆಸ್ಸಿನ ಪುಟ 8 ಕಿಲೋಬೈಟ್, ಸುಮಾರು 312 ಮೆಗಾಬೈಟ್ ತಿರುವಿ ಹಾಕಿದಂತಾಯಿತು. ಪರೀಕ್ಷೆ ಮಾಡುವಾಗ ಎಲ್ಲ ಕ್ಯಾಶ್‌ನಲ್ಲಿ, ಅಂದರೆ ಮೆಮೊರಿಯಲ್ಲೇ ಇದ್ದು, ಬೇಗ ಮುಗಿದಿರಬಹುದು. ರಾತ್ರಿ ಎಂಟಕ್ಕೆ ಕ್ಯಾಶ್ ಬೇರೆಯವರ ಪಾಲಾಗಿರುತ್ತದೆ.

ಡೆಲಿವರಿ ವ್ಯವಹಾರದಲ್ಲಿ ಅತಿ ಹೆಚ್ಚು ಕೇಳುವ ಪ್ರಶ್ನೆ ‘ಈಗ ನಡೆಯುತ್ತಿರುವ ಆರ್ಡರ್ ಯಾವುವು?’ ಟೇಬಲಿನಲ್ಲಿ 3 ಕೋಟಿ ಸಾಲು, ಜೀವಂತ ಇರುವುದು 8,000. ಇಂಥ ಕಡೆ ಪಾರ್ಷಿಯಲ್ ಇಂಡೆಕ್ಸ್ ಹೇಳಿ ಮಾಡಿಸಿದ್ದು: ಜೀವಂತ ಆರ್ಡರುಗಳಿಗಷ್ಟೇ ಇಂಡೆಕ್ಸ್, ಅಂದರೆ ಬೇಗ ಹುಡುಕಲು ಪುಸ್ತಕದ ಕೊನೆಯಲ್ಲಿರುವಂಥ ಪಟ್ಟಿ. ಕೆಲವೇ ನೂರು ಕಿಲೋಬೈಟ್ ಆಗುತ್ತದೆ, ಸದಾ ಮೆಮೊರಿಯಲ್ಲೇ ಇರುತ್ತದೆ. ಆದರೆ ಷರತ್ತನ್ನು ಸ್ಥಿತಿಯ ಕಾಲಂ ಮೇಲೆ ಬರೆಯಬೇಡಿ. ಅದರ ಬದಲು ‘ಮುಗಿದ ಸಮಯ’ ಎಂಬ ಕಾಲಂ ಇಟ್ಟು, ಅದು ಖಾಲಿ ಇರುವ ಸಾಲುಗಳಿಗೆ ಇಂಡೆಕ್ಸ್ ಕಟ್ಟಿ. ಕಾರಣ ಮುಂದೆ ವ್ಯಾಕ್ಯೂಮ್ (ಡೇಟಾಬೇಸಿನ ಶುಚಿ ಕೆಲಸ) ಬಗ್ಗೆ ಹೇಳುವಾಗ ಬರುತ್ತದೆ. ಕ್ವೆರಿಯಲ್ಲೂ ಅದೇ ಷರತ್ತು ಇರಬೇಕು, ಇಲ್ಲದಿದ್ದರೆ ಕ್ವೆರಿಯ ದಾರಿ ಆರಿಸುವ ಪ್ಲಾನರ್ ಈ ಇಂಡೆಕ್ಸನ್ನು ಮುಟ್ಟುವುದಿಲ್ಲ.

ಕನೆಕ್ಷನ್

ಬೆಳೆಯುವ ಕಂಪನಿಯಲ್ಲಿ ಸಾಮಾನ್ಯವಾಗಿ ಮೊದಲು ಒಡೆಯುವುದು ಡಿಸ್ಕೂ ಅಲ್ಲ, ಸಿಪಿಯೂ ಅಲ್ಲ, ಕನೆಕ್ಷನ್, ಅಂದರೆ ಆ್ಯಪ್ ಮತ್ತು ಡೇಟಾಬೇಸ್ ನಡುವಿನ ಸಂಪರ್ಕ. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಕನೆಕ್ಷನಿಗೆ ಒಂದು ಪ್ರತ್ಯೇಕ ಪ್ರೊಸೆಸ್. ಮ್ಯಾಕ್ಸ್ ಕನೆಕ್ಷನ್ಸ್, ಅಂದರೆ ಕನೆಕ್ಷನ್ ಮಿತಿ, ನಾವು ಬದಲಿಸದಿದ್ದರೆ 100. ಆ್ಯಪ್ ಸರ್ವರ್ 20, ಪ್ರತಿಯೊಂದರಲ್ಲೂ 20 ಕನೆಕ್ಷನ್ನಿನ ಪೂಲ್ (ತೆರೆದಿಟ್ಟ ಗುಂಪು) ಎಂದರೆ 400. ಸಂಜೆ ಆಟೋಸ್ಕೇಲಿಂಗ್ ಸರ್ವರುಗಳನ್ನು 40 ಮಾಡಿದಾಗ 800. ಇಲ್ಲಿ ಭಾಳ ಮಂದಿ ಮ್ಯಾಕ್ಸ್ ಕನೆಕ್ಷನ್ಸ್ ಅನ್ನು 2,000ಕ್ಕೆ ಏರಿಸುತ್ತಾರೆ. 16 ಕೋರಿನ ಯಂತ್ರದ ಮೇಲೆ 800 ಪ್ರೊಸೆಸ್ ಒಮ್ಮೆಗೇ ಓಡಲು ಹೊರಟರೆ ಕೆಲಸಕ್ಕಿಂತ ಸರದಿ ಬದಲಿಸುವುದೇ ಹೆಚ್ಚಾಗಿ, ಒಟ್ಟು ಕೆಲಸ ಕುಗ್ಗುತ್ತದೆ.

ಮಾಡಬೇಕಾದದ್ದು ನಡುವೆ ಪಿಜಿಬೌನ್ಸರ್ ಎಂಬ ಕನೆಕ್ಷನ್ ಹಂಚುವ ತಂತ್ರಾಂಶ ಇಡುವುದು, ಅದೂ ಟ್ರಾನ್ಸಾಕ್ಷನ್ ಮೋಡ್‌ನಲ್ಲಿ. ಆ್ಯಪ್ ಕಡೆಯಿಂದ ಸಾವಿರ ಕನೆಕ್ಷನ್ ಬರಲಿ, ಪೋಸ್ಟ್‌ಗ್ರೆಸ್ ಕಡೆಗೆ 40. ಕೋರ್ ಸಂಖ್ಯೆಯ ಎರಡು ಪಟ್ಟು, ಮೇಲೆ ಡಿಸ್ಕಿಗೆ ಒಂದಿಷ್ಟು ಎಂಬ ಹಳೆಯ ಸೂತ್ರ ಇವತ್ತಿಗೂ ಒಳ್ಳೆಯ ಆರಂಭ. ಈ ಮೋಡ್‌ನಲ್ಲಿ ಒಂದು ಟ್ರಾನ್ಸಾಕ್ಷನ್ (ಆದರೆ ಎಲ್ಲ ಆಗಬೇಕು, ಇಲ್ಲವೇ ಒಂದೂ ಆಗಬಾರದು ಎಂಬ ಕೆಲಸಗಳ ಕಟ್ಟು) ಮುಗಿದ ಕೂಡಲೇ ಕನೆಕ್ಷನ್ ಬೇರೆಯವರಿಗೆ ಹೋಗುತ್ತದೆ, ಹಾಗಾಗಿ ಸೆಷನ್ನಿಗೆ (ಒಂದೇ ಕನೆಕ್ಷನ್ ತೆರೆದಿರುವ ಅವಧಿಗೆ) ಅಂಟಿಕೊಂಡ ಯಾವುದೂ ನಡೆಯುವುದಿಲ್ಲ: ಸೆಟ್ಟಿಂಗ್ ಬದಲಿಸುವ ಸೆಷನ್ ಮಟ್ಟದ ಸೆಟ್, ಸೂಚನೆಗೆ ಕಾಯುವ ಲಿಸನ್, ಆ್ಯಪ್ ತಾನೇ ಹಾಕುವ ಬೀಗವಾದ ಸೆಷನ್ ಅಡ್ವೈಸರಿ ಲಾಕ್. ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಮೊದಲೇ ತಯಾರಿಸಿಟ್ಟ ಕ್ವೆರಿ) ಕೂಡ ಮೊದಲು ಕೆಡುತ್ತಿತ್ತು. 2023ರಲ್ಲಿ ಬಂದ 1.21 ಆವೃತ್ತಿಯಿಂದ ಪಿಜಿಬೌನ್ಸರ್ ಅದನ್ನು ನಿಭಾಯಿಸುತ್ತದೆ. ಇದರಲ್ಲಿ ಅತಿ ಅಪಾಯದ್ದು ಅಡ್ವೈಸರಿ ಲಾಕ್. ಎರರ್ ಬರುವುದಿಲ್ಲ; ಲಾಕ್ ಹಿಡಿದ ಕನೆಕ್ಷನ್ ಒಂದು, ಬಿಡಲು ಹೋದ ಕನೆಕ್ಷನ್ ಇನ್ನೊಂದು. ಲಾಕ್ ಹಾಗೇ ಉಳಿಯುತ್ತದೆ.

ಈ 40 ಕನೆಕ್ಷನ್ ಸಾಕೇ? ಅದು ಒಂದು ಟ್ರಾನ್ಸಾಕ್ಷನ್ ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದರ ಮೇಲೆ ನಿಂತಿದೆ. ಕೋಡಿನಲ್ಲಿ ಯಾರೋ ಟ್ರಾನ್ಸಾಕ್ಷನ್ ತೆರೆದು, ಆರ್ಡರ್ ಬರೆದು, ಅದರೊಳಗೇ ಪೇಮೆಂಟ್ ಗೇಟ್‌ವೇಗೆ ಕರೆ ಹಚ್ಚಿದ್ದಾರೆ ಅನ್ನಿ. ಸೆಕೆಂಡಿಗೆ 3.3 ಆರ್ಡರ್, ಗೇಟ್‌ವೇ ಉತ್ತರಕ್ಕೆ 2 ಸೆಕೆಂಡ್, ಸುಮಾರು 7 ಕನೆಕ್ಷನ್ ಹಿಡಿದಿರುತ್ತವೆ. ಯಾರಿಗೂ ಗೊತ್ತಾಗುವುದಿಲ್ಲ. ಒಂದು ಸಂಜೆ ಗೇಟ್‌ವೇ ನಿಧಾನವಾಗಿ 15 ಸೆಕೆಂಡ್ ತೆಗೆದುಕೊಂಡರೆ? 3.3 ಸಲ 15, ಅಂದರೆ 50. ಪೂಲ್ 40. ಗೇಟ್‌ವೇಗೆ ಸಂಬಂಧವೇ ಇಲ್ಲದ ರೈಡರ್ ಆ್ಯಪ್ ಕೂಡ ನಿಂತುಹೋಗುತ್ತದೆ. ಎಲ್ಲರೂ ಡೇಟಾಬೇಸ್ ಕೆಟ್ಟಿದೆ ಎನ್ನುತ್ತಾರೆ. ಸರ್ವರಿನ ಸಿಪಿಯು ನೋಡಿದರೆ ಶೇ. 10 ಕೂಡ ಇರುವುದಿಲ್ಲ. ಟ್ರಾನ್ಸಾಕ್ಷನ್ ಒಳಗಿನಿಂದ ಹೊರಗಿನ ಯಾವ ಸೇವೆಗೂ ಕರೆ ಹೋಗಬಾರದು ಎಂಬುದನ್ನು ಕೋಡ್ ರಿವ್ಯೂನಲ್ಲೇ ಹಿಡಿಯಬೇಕು. ಕಾವಲಿಗೆ, ಟ್ರಾನ್ಸಾಕ್ಷನ್ ತೆರೆದು ಸುಮ್ಮನಿರುವ ಕನೆಕ್ಷನನ್ನು ಕಡಿಯುವ ಐಡಲ್ ಇನ್ ಟ್ರಾನ್ಸಾಕ್ಷನ್ ಸೆಷನ್ ಟೈಮ್‌ಔಟ್ ಅನ್ನು 10 ಸೆಕೆಂಡಿಗೆ ಇಡಿ. ನಾವು ಬದಲಿಸದಿದ್ದರೆ ಅದು ಸೊನ್ನೆ, ಅಂದರೆ ಮಿತಿಯೇ ಇಲ್ಲ.

ಇದರ ಬೆನ್ನಿಗೇ ಬರುವುದು ಮರುಪ್ರಯತ್ನದ ಪ್ರವಾಹ. ಉತ್ತರ ಬರಲಿಲ್ಲವೆಂದು ಆ್ಯಪ್ ಇನ್ನೂ ಮೂರು ಸಲ ಕೇಳಿದರೆ, ಕಷ್ಟದಲ್ಲಿರುವ ಸರ್ವರಿನ ಮೇಲೆ ನಾಲ್ಕು ಪಟ್ಟು ಭಾರ. ಪ್ರತಿ ಪ್ರಯತ್ನಕ್ಕೂ ಕಾಯುವ ಹೊತ್ತು ಇಮ್ಮಡಿಯಾಗಬೇಕು, ಅದರಲ್ಲಿ ಒಂದಿಷ್ಟು ಯಾದೃಚ್ಛಿಕ ಅಂತರ ಇರಬೇಕು. ಇಲ್ಲದಿದ್ದರೆ ಎಲ್ಲ ಫೋನುಗಳೂ ಒಂದೇ ಗಳಿಗೆಗೆ ಮತ್ತೆ ಬಾಗಿಲು ತಟ್ಟುತ್ತವೆ.

ರೈಡರ್ ಎಲ್ಲಿದ್ದಾನೆ

ರೈಡರ್ ಟೇಬಲಿನಲ್ಲಿ ಅಕ್ಷಾಂಶ, ರೇಖಾಂಶ ಎಂದು ಎರಡು ಕಾಲಂ ಇಟ್ಟು 5 ಸೆಕೆಂಡಿಗೊಮ್ಮೆ ಅಪ್‌ಡೇಟ್ ಮಾಡುವುದು ತೀರ ಸಹಜವಾಗಿ ಹೊಳೆಯುವ ವಿನ್ಯಾಸ. ಇದು ಯಾಕೆ ಕೆಡುತ್ತದೆ ಎಂದು ಬಿಡಿಸಿ ನೋಡೋಣ, ಯಾಕೆಂದರೆ ಇದೊಂದು ಅರ್ಥವಾದರೆ ಪೋಸ್ಟ್‌ಗ್ರೆಸ್ಸಿನ ಅರ್ಧ ಸ್ವಭಾವ ಅರ್ಥವಾದಂತೆ.

ಪೋಸ್ಟ್‌ಗ್ರೆಸ್ ಇದ್ದ ಸಾಲನ್ನು ತಿದ್ದುವುದಿಲ್ಲ. ಹೊಸ ಪ್ರತಿ ಬರೆದು ಹಳೆಯದನ್ನು ಸತ್ತ ಸಾಲು ಎಂದು ಬಿಡುತ್ತದೆ. ಯಾರಿಗೂ ಬೇಡವಾದ ಮೇಲೆ ಆ ಜಾಗ ಮತ್ತೆ ಬಳಕೆಗೆ ಬರುತ್ತದೆ. 4,000 ಸಾಲಿನ ಟೇಬಲಿನಲ್ಲಿ ಸೆಕೆಂಡಿಗೆ 800 ಸತ್ತ ಸಾಲು ಹುಟ್ಟುತ್ತವೆ. ಶುಚಿ ಮಾಡುವ ಕೆಲಸ ಸರಿಯಾಗಿ ನಡೆದರೆ ತೊಂದರೆ ಇಲ್ಲ. ಆದರೆ ಲೆಕ್ಕಪತ್ರ ವಿಭಾಗದ ಒಂದು ರಿಪೋರ್ಟ್ ಅದೇ ಸರ್ವರಿನ ಮೇಲೆ ಒಂದು ಗಂಟೆ ಓಡಿದರೆ, ಆ ಕ್ವೆರಿಗೆ ಹಳೆಯ ಪ್ರತಿಗಳು ಬೇಕಾದೀತು ಎಂಬ ಕಾರಣಕ್ಕೆ ಆಮೇಲೆ ಸತ್ತ ಸಾಲುಗಳಲ್ಲಿ ಒಂದನ್ನೂ ತೆಗೆಯುವಂತಿಲ್ಲ. ಒಂದು ಗಂಟೆಗೆ 28.8 ಲಕ್ಷ. 4,000 ಸಾಲಿನ ಟೇಬಲ್ ಈಗ 29 ಲಕ್ಷ ಸಾಲಿನಷ್ಟು ಜಾಗ ತಿಂದಿದೆ, ‘ಹತ್ತಿರದ ರೈಡರ್ ಯಾರು’ ಎಂದು ಹುಡುಕುವ ಕ್ವೆರಿ ಅದನ್ನೆಲ್ಲ ದಾಟಿ ಹೋಗಬೇಕು. ರಿಪೋರ್ಟ್ ಮುಗಿದ ಮೇಲೂ ಟೇಬಲಿನ ಗಾತ್ರ ತಾನಾಗಿ ಮೊದಲಿನಂತಾಗುವುದು ಅಪರೂಪ. ವ್ಯಾಕ್ಯೂಮ್ ಜಾಗವನ್ನು ಮರುಬಳಕೆಗೆ ಬಿಡುತ್ತದೆಯೇ ಹೊರತು, ಟೇಬಲಿನ ಕಟ್ಟಕಡೆಯ ಪುಟಗಳು ಪೂರ್ತಿ ಖಾಲಿಯಾಗಿದ್ದರೆ ಮಾತ್ರ ಡಿಸ್ಕಿಗೆ ಹಿಂದಿರುಗಿಸುತ್ತದೆ.

ಈಗಿನ ಸ್ಥಾನ ಕಳೆದುಹೋದರೆ ನಷ್ಟವೇನು? ಏನೂ ಇಲ್ಲ, 5 ಸೆಕೆಂಡಿಗೆ ಮತ್ತೆ ಬರುತ್ತದೆ. ಆದ್ದರಿಂದ ಅದರ ಜಾಗ ರೆಡಿಸ್, ಮೆಮೊರಿಯಲ್ಲೇ ಡೇಟಾ ಇಡುವ ತಂತ್ರಾಂಶ. ಊರಿಗೊಂದು ಕೀ (ಡೇಟಾ ಇಡುವ ಹೆಸರು), ಜಿಯೋಆ್ಯಡ್ ಆದೇಶದಿಂದ ಹಾಕುವುದು, ಜಿಯೋಸರ್ಚ್‌ನಿಂದ 3 ಕಿಲೋಮೀಟರ್ ಒಳಗಿನವರನ್ನು ಹುಡುಕುವುದು. ಒಂದು ಎಚ್ಚರಿಕೆ: ಆ ಕೀಯೊಳಗಿನ ಒಬ್ಬೊಬ್ಬ ರೈಡರಿಗೆ ಪ್ರತ್ಯೇಕವಾಗಿ ಆಯುಷ್ಯ ಕೊಡಲು ಬರುವುದಿಲ್ಲ. ಫೋನಿನ ಬ್ಯಾಟರಿ ಮುಗಿದು ಮನೆಗೆ ಹೋದವನೂ ಉಣಕಲ್ ಕೆರೆಯ ಪಕ್ಕ ನಿಂತಿದ್ದಾನೆ ಎಂದೇ ಕಾಣುತ್ತದೆ. ಪ್ರತಿ ರೈಡರಿಗೆ 30 ಸೆಕೆಂಡ್ ಆಯುಷ್ಯದ ‘ಈಗ ಕಂಡ’ ಕೀ ಒಂದನ್ನು ಬೇರೆಯಾಗಿ ಇಟ್ಟು, ಹುಡುಕಿ ಬಂದ ಹೆಸರುಗಳನ್ನು ಅದರೊಂದಿಗೆ ತಾಳೆ ನೋಡಿ.

ಸ್ಥಾನಗಳ ಇತಿಹಾಸ ಬೇಕೇ ಬೇಕು. ‘ರೈಡರ್ ಬರಲೇ ಇಲ್ಲ’ ಎಂಬ ದೂರು ಬಂದಾಗ, ಕಿಲೋಮೀಟರ್ ಲೆಕ್ಕದಲ್ಲಿ ರೈಡರಿಗೆ ದುಡ್ಡು ಕೊಡುವಾಗ. 10 ಗಂಟೆಯ ದಿನಕ್ಕೆ ಅದು 2.88 ಕೋಟಿ ಸಾಲು. ಇದನ್ನು ಕಾಫ್ಕಾದಂಥ ಸಂದೇಶಗಳ ಸರದಿಯ ಮೂಲಕ ಹಾಯಿಸಿ, ನಿಮಿಷಕ್ಕೊಮ್ಮೆ ಗುಂಪು ಮಾಡಿ ಪಾರ್ಕೆ ಎಂಬ ರೂಪದ ಫೈಲುಗಳಾಗಿ ಆಬ್ಜೆಕ್ಟ್ ಸ್ಟೋರೇಜಿಗೆ (ಕ್ಲೌಡಿನ ಫೈಲ್ ಗೋದಾಮಿಗೆ) ಹಾಕಿ. ಮುಖ್ಯ ಡೇಟಾಬೇಸಿಗೆ ಬೇಡ. ಹಟ ಹಿಡಿದು ಅಲ್ಲೇ ಇಟ್ಟು, ಪ್ರೈಮರಿ ಕೀಗೆ (ಪ್ರತಿ ಸಾಲಿನ ಗುರುತು ಸಂಖ್ಯೆಗೆ) 4 ಬೈಟಿನ ಇಂಟಿಜರ್ ಕೊಟ್ಟಿದ್ದರೆ, ಅದರ ಗರಿಷ್ಠ ಮಿತಿ 214 ಕೋಟಿ ಚಿಲ್ಲರೆ. ಈ ವೇಗದಲ್ಲಿ 75ನೇ ದಿನ ಇನ್ಸರ್ಟ್ ನಿಲ್ಲುತ್ತದೆ. ಹೊಸ ಟೇಬಲ್ ಯಾವುದೇ ಇರಲಿ, ಕೀ 8 ಬೈಟಿನ ಬಿಗ್‌ಇಂಟ್ ಆಗಿರಲಿ. 4 ಬೈಟ್ ಉಳಿಸಿದ ಲಾಭ ಆಮೇಲಿನ ಬದಲಾವಣೆಯ ಕಷ್ಟದ ಮುಂದೆ ಏನೂ ಅಲ್ಲ.

ವ್ಯಾಕ್ಯೂಮ್ ಮತ್ತು ಆರ್ಡರ್ ಟೇಬಲ್

ಅದೇ ತತ್ವ ಆರ್ಡರ್ ಟೇಬಲಿಗೂ. ತಾನಾಗಿ ಓಡುವ ವ್ಯಾಕ್ಯೂಮ್ ಯಾವಾಗ ಏಳಬೇಕು ಎನ್ನುವ ಆಟೋವ್ಯಾಕ್ಯೂಮ್ ಸ್ಕೇಲ್ ಫ್ಯಾಕ್ಟರ್ ನಾವು ಬದಲಿಸದಿದ್ದರೆ 0.2, ಅಂದರೆ ಟೇಬಲಿನ ಶೇ. 20 ಸಾಲು ಸತ್ತ ಮೇಲೆ ಅದು ಏಳುತ್ತದೆ. 3 ಕೋಟಿ ಸಾಲಿದ್ದರೆ 60 ಲಕ್ಷ. ಆರ್ಡರಿಗೆ 8 ಅಪ್‌ಡೇಟ್, ದಿನಕ್ಕೆ 8 ಲಕ್ಷ ಎಂದರೆ ವಾರಕ್ಕೊಮ್ಮೆ ಗುಡಿಸಿದಂತೆ, ಅದೂ ಒಮ್ಮೆಗೇ ದೊಡ್ಡ ಕೆಲಸ. ಈ ಟೇಬಲಿಗಷ್ಟೇ 0.01 ಮಾಡಿ. 3 ಲಕ್ಷಕ್ಕೊಮ್ಮೆ, ದಿನಕ್ಕೆರಡು ಮೂರು ಸಲ, ಸಣ್ಣ ಸಣ್ಣದಾಗಿ ನಡೆಯುತ್ತದೆ. ಆಟೋವ್ಯಾಕ್ಯೂಮ್ ಸಿಪಿಯು ತಿನ್ನುತ್ತದೆ ಎಂದು ಅದನ್ನು ಆಫ್ ಮಾಡುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಟ್ರಾನ್ಸಾಕ್ಷನ್ ನಂಬರ್ 32 ಬಿಟ್ಟಿನದು. ಹಳೆಯ ಸಾಲುಗಳನ್ನು ಫ್ರೀಜ್ ಮಾಡದೆ (ಇವು ಎಲ್ಲರಿಗೂ ಹಳೆಯವು ಎಂದು ಗುರುತು ಹಾಕದೆ) 200 ಕೋಟಿಯ ಹತ್ತಿರ ಹೋದರೆ, ಡೇಟಾ ಕಾಪಾಡಿಕೊಳ್ಳಲು ಪೋಸ್ಟ್‌ಗ್ರೆಸ್ ಹೊಸ ರೈಟುಗಳನ್ನೇ ನಿಲ್ಲಿಸುತ್ತದೆ.

ಅಪ್‌ಡೇಟಿನಲ್ಲಿ ಇಂಡೆಕ್ಸ್ ಇರುವ ಯಾವ ಕಾಲಮ್ಮೂ ಬದಲಾಗದೆ, ಅದೇ ಪುಟದಲ್ಲಿ ಜಾಗವೂ ಇದ್ದರೆ, ಹೊಸ ಪ್ರತಿ ಅಲ್ಲೇ ಕೂರುತ್ತದೆ. ಒಂದು ಇಂಡೆಕ್ಸನ್ನೂ ಮುಟ್ಟಬೇಕಿಲ್ಲ. ಇದಕ್ಕೆ ಹಾಟ್ ಅಪ್‌ಡೇಟ್ ಎನ್ನುತ್ತಾರೆ. ಇದು ತಪ್ಪಿದರೆ ಟೇಬಲಿನಲ್ಲಿರುವ ಒಂದೊಂದು ಇಂಡೆಕ್ಸಿಗೂ ಹೊಸ ನಮೂದು ಬೀಳುತ್ತದೆ. ಇಂಡೆಕ್ಸ್ 9 ಇದ್ದರೆ 9. ಊಬರ್ ಎಂಜಿನಿಯರುಗಳು 2016ರಲ್ಲಿ ಪೋಸ್ಟ್‌ಗ್ರೆಸ್ ಬಿಟ್ಟು ಮೈಎಸ್‌ಕ್ಯೂಎಲ್‌ಗೆ ಹೋದ ಕಾರಣಗಳನ್ನು ಬರೆದಾಗ ಮುಂದಿಟ್ಟದ್ದರಲ್ಲಿ ಈ ಹೆಚ್ಚುವರಿ ಬರವಣಿಗೆಯೂ ಒಂದು. ಅದನ್ನು ಓದಿ ಡೇಟಾಬೇಸನ್ನೇ ಬದಲಿಸಬೇಕಿಲ್ಲ. ಪಾರ್ಷಿಯಲ್ ಇಂಡೆಕ್ಸಿನ ಷರತ್ತಿನಲ್ಲಿ ಬರುವ ಕಾಲಂ ಕೂಡ ಇಂಡೆಕ್ಸ್ ಆದ ಕಾಲಂ ಎಂದೇ ಲೆಕ್ಕ ಎಂಬುದನ್ನು ಗಮನಿಸಿ. ಸ್ಥಿತಿಯ ಕಾಲಂ 8 ಸಲ ಬದಲಾಗುತ್ತದೆ, ‘ಮುಗಿದ ಸಮಯ’ ಒಂದೇ ಸಲ. ಮೊದಲು ಹೇಳಿದ ಸಲಹೆಗೆ ಕಾರಣ ಇದೇ. ಜೊತೆಗೆ ಪುಟವನ್ನು ಶೇಕಡಾ ಎಷ್ಟು ತುಂಬಬೇಕು ಎನ್ನುವ ಫಿಲ್‌ಫ್ಯಾಕ್ಟರನ್ನು 100ರಿಂದ 85ಕ್ಕೆ ಇಳಿಸಿ, ಪುಟದಲ್ಲಿ ಜಾಗ ಉಳಿಯುತ್ತದೆ. ಇದು ಹೊಸದಾಗಿ ಬರೆಯುವ ಪುಟಗಳಿಗಷ್ಟೇ ಅನ್ವಯ; ಆರ್ಡರ್ ಟೇಬಲಿನಲ್ಲಿ ಬದಲಾಗುವುದೂ ಹೊಸ ಸಾಲುಗಳೇ ಆದ್ದರಿಂದ ಅದು ಸಾಕು. ಫಲ ಸಿಕ್ಕಿತೇ ಎಂದು ಪಿಜಿ ಸ್ಟ್ಯಾಟ್ ಯೂಸರ್ ಟೇಬಲ್ಸ್‌ನಲ್ಲಿ ಒಟ್ಟು ಅಪ್‌ಡೇಟ್ ಮತ್ತು ಹಾಟ್ ಅಪ್‌ಡೇಟ್ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಒಂದೇ ಆರ್ಡರ್, ಇಬ್ಬರು ರೈಡರು

ವೇಗ ಎಷ್ಟೇ ಇರಲಿ, ಇದು ತಪ್ಪಬಾರದು. ಆರ್ಡರ್ ಖಾಲಿ ಇದೆಯೇ ಎಂದು ಓದಿ, ಆಮೇಲೆ ರೈಡರ್ ಹೆಸರು ಬರೆಯುವ ಕೋಡಿನಲ್ಲಿ ಆ ಎರಡರ ನಡುವೆ ಇನ್ನೊಬ್ಬ ನುಗ್ಗುತ್ತಾನೆ. ಒಂದೇ ಅಪ್‌ಡೇಟಿನಲ್ಲಿ ಷರತ್ತು ಸೇರಿಸಿ: ಈ ಐಡಿ ಇದ್ದು, ರೈಡರ್ ಕಾಲಂ ಖಾಲಿ ಇದ್ದರೆ ಮಾತ್ರ ಬರೆ. ಬದಲಾದ ಸಾಲು 1 ಎಂದು ಬಂದರೆ ಸಿಕ್ಕಿತು, 0 ಬಂದರೆ ಬೇರೆಯವರ ಪಾಲಾಯಿತು. ಹಂಚಿಕೆಯ ಸರದಿಯನ್ನು ಟೇಬಲಿನಲ್ಲೇ ಇಟ್ಟಿದ್ದರೆ ಬೇರೆಯವರು ಹಿಡಿದ ಸಾಲನ್ನು ಬಿಟ್ಟು ಮುಂದಿನದಕ್ಕೆ ಹೋಗುವ ಸ್ಕಿಪ್ ಲಾಕ್ಡ್ ಬಳಸಿ, ಹಂಚುವ ಪ್ರೊಸೆಸ್‌ಗಳು ಒಂದರ ಹಿಂದೆ ಒಂದು ಕಾಯುವುದು ತಪ್ಪುತ್ತದೆ.

ರೈಡರ್ ‘ಮುಟ್ಟಿಸಿದೆ’ ಎಂದು ಒತ್ತಿದಾಗ ನೆಟ್‌ವರ್ಕ್ ಹೋಯಿತು, ಮತ್ತೆ ಒತ್ತಿದ. ಸರ್ವರಿಗೆ ಎರಡೂ ಬಂದವು. ನಗದು ವಸೂಲಿ ಎರಡು ಸಲ ಲೆಕ್ಕಕ್ಕೆ ಹತ್ತಬಾರದು ಎಂದರೆ, ಒತ್ತುವ ಮೊದಲೇ ಫೋನಿನಲ್ಲೇ ಒಂದು ಗುರುತು ಸಂಖ್ಯೆ ಹುಟ್ಟಿಸಿ, ಅದಕ್ಕೆ ಡೇಟಾಬೇಸಿನಲ್ಲಿ ಯೂನಿಕ್ ನಿರ್ಬಂಧ (ಅದೇ ಸಂಖ್ಯೆ ಎರಡನೆಯ ಸಲ ಬರಬಾರದೆಂಬ ನಿಯಮ) ಹಾಕಬೇಕು. ಆ ಸಂಖ್ಯೆ ಫೋನಿನ ಸ್ಟೋರೇಜಿನಲ್ಲಿ ಉಳಿದಿರಬೇಕು. ಆ್ಯಪ್ ಮುಚ್ಚಿ ತೆರೆದಾಗ ಹೊಸ ಸಂಖ್ಯೆ ಹುಟ್ಟಿದರೆ ಇಡೀ ಏರ್ಪಾಟು ವ್ಯರ್ಥ.

ರೆಪ್ಲಿಕಾ

ಟ್ರ್ಯಾಕಿಂಗ್‌ನ 1,600 ರೀಡನ್ನು ರೆಪ್ಲಿಕಾಗೆ (ಮುಖ್ಯ ಸರ್ವರಿನ ನಕಲಾಗಿ ಓಡುವ ಇನ್ನೊಂದು ಸರ್ವರಿಗೆ) ತಳ್ಳುವ ಮೊದಲು, ಅದು ಡೇಟಾಬೇಸಿಗೇ ಯಾಕೆ ಬರಬೇಕು ಎಂದು ಕೇಳಿಕೊಳ್ಳಿ. ಸ್ಥಿತಿ ಬದಲಾದಾಗ ಸರ್ವರೇ ವೆಬ್‌ಸಾಕೆಟ್ ಎಂಬ ತೆರೆದಿಟ್ಟ ಸಂಪರ್ಕದ ಮೂಲಕ ಫೋನಿಗೆ ಹೇಳಿದರೆ, 40 ನಿಮಿಷದಲ್ಲಿ 480 ಸಲ ಕೇಳುವ ಜಾಗದಲ್ಲಿ 8 ಸಲ ಹೇಳಿದರೆ ಮುಗಿಯಿತು.

ಹುಡುಕಾಟ, ಹಳೆಯ ಆರ್ಡರ್, ಅಂಗಡಿಯ ರಿಪೋರ್ಟು ಇವು ರೆಪ್ಲಿಕಾದ ಕೆಲಸ. ರೆಪ್ಲಿಕಾ ಒಂದಿಷ್ಟು ಹಿಂದೆ ಬಿದ್ದಿರುತ್ತದೆ ಎಂಬುದನ್ನು ಮರೆತರೆ, ದುಡ್ಡು ಕಟ್ಟಿದ ಗಿರಾಕಿಗೆ ‘ಆರ್ಡರ್ ಸಿಗಲಿಲ್ಲ’ ಎಂದು ತೋರಿಸಿ, ಅವರು ಮತ್ತೊಮ್ಮೆ ಆರ್ಡರ್ ಹಾಕುತ್ತಾರೆ. ಬರೆದ ಬಳಕೆದಾರರ ರೀಡುಗಳನ್ನು 10 ಸೆಕೆಂಡ್ ಮುಖ್ಯ ಸರ್ವರಿಗೇ ಕಳಿಸುವುದು ಸುಲಭದ ದಾರಿ. ನಿಖರ ದಾರಿ ಬೇಕೆಂದರೆ, ಬರೆದಾಗಿನ ವಾಲ್ (ಬದಲಾವಣೆಗಳ ದಾಖಲೆ) ಸ್ಥಾನವನ್ನು ನೆನಪಿಟ್ಟು, ರೆಪ್ಲಿಕಾ ಅಲ್ಲಿವರೆಗೆ ಬಂದಿದೆಯೇ ಎಂದು ನೋಡಿ ಓದುವುದು.

ರೆಪ್ಲಿಕಾದಲ್ಲಿ ಉದ್ದದ ರಿಪೋರ್ಟ್ ಹಾಕಿದರೆ ರಿಕವರಿ ಜೊತೆ ತಿಕ್ಕಾಟ ಎಂಬ ಎರರ್ ಬಂದು ಕ್ವೆರಿ ರದ್ದಾಗುತ್ತದೆ. ಮುಖ್ಯ ಸರ್ವರಿನಿಂದ ಬಂದ ಬದಲಾವಣೆಯನ್ನು ಹಚ್ಚದೆ ಕ್ವೆರಿಗಾಗಿ 30 ಸೆಕೆಂಡ್ ಕಾಯುವುದು ಅಲ್ಲಿನ ಮೂಲ ಮಿತಿ. ತನಗಿನ್ನೂ ಬೇಕಾದ ಹಳೆಯ ಸಾಲುಗಳ ಬಗ್ಗೆ ರೆಪ್ಲಿಕಾ ಮುಖ್ಯ ಸರ್ವರಿಗೆ ತಿಳಿಸುವ ಹಾಟ್ ಸ್ಟ್ಯಾಂಡ್‌ಬೈ ಫೀಡ್‌ಬ್ಯಾಕ್ ಆನ್ ಮಾಡಿದರೆ ಈ ರದ್ದತಿ ಬಹುಪಾಲು ನಿಲ್ಲುತ್ತದೆ, ಆದರೆ ಆ ರಿಪೋರ್ಟಿಗಾಗಿ ಮುಖ್ಯ ಸರ್ವರಿನಲ್ಲೇ ವ್ಯಾಕ್ಯೂಮ್ ತಡೆಯುತ್ತದೆ. ನನ್ನ ಅಭಿಪ್ರಾಯದಲ್ಲಿ ಆ್ಯಪಿನ ರೆಪ್ಲಿಕಾ ಬೇರೆ, ರಿಪೋರ್ಟಿನ ರೆಪ್ಲಿಕಾ ಬೇರೆ ಇರಬೇಕು. ಎರಡನೆಯದರಲ್ಲಿ ಫೀಡ್‌ಬ್ಯಾಕ್ ಆಫ್ ಇಟ್ಟು ಕಾಯುವ ಮಿತಿಯನ್ನು ಒಂದು ಗಂಟೆಗೆ ಏರಿಸಿ, ಅದು ಹಿಂದೆ ಬಿದ್ದರೆ ಬೀಳಲಿ. ರೆಪ್ಲಿಕಾ ಎಲ್ಲಿವರೆಗೆ ಬಂದಿದೆ ಎಂದು ನೆನಪಿಡುವ ರೆಪ್ಲಿಕೇಷನ್ ಸ್ಲಾಟ್ ಬಳಸಿದರೆ ಇನ್ನೊಂದು ಕಾಳಜಿ: ರೆಪ್ಲಿಕಾ ಸತ್ತು ಬಿದ್ದಿದ್ದರೂ ಅದಕ್ಕಾಗಿ ಮುಖ್ಯ ಸರ್ವರ್ ವಾಲ್ ಫೈಲುಗಳನ್ನು ಕೂಡಿಡುತ್ತ ಹೋಗಿ ಡಿಸ್ಕ್ ತುಂಬಿಸಿಕೊಳ್ಳುತ್ತದೆ. 13ನೇ ಆವೃತ್ತಿಯಿಂದ ಮ್ಯಾಕ್ಸ್ ಸ್ಲಾಟ್ ವಾಲ್ ಕೀಪ್ ಸೈಜ್ ಎಂಬ ಮಿತಿ ಇದೆ. ನಾವು ಬದಲಿಸದಿದ್ದರೆ ಅದು ಮಿತಿಯಿಲ್ಲದ ಸ್ಥಿತಿಯಲ್ಲಿರುತ್ತದೆ, ನೀವೇ ಹಾಕಬೇಕು.

ನಡೆಯುತ್ತಿರುವಾಗಲೇ ಬದಲಿಸುವುದು

ಒಂದು ಕಾಲಂ ಸೇರಿಸುವ ಆಲ್ಟರ್ ಟೇಬಲ್ ಆದೇಶ ಕೆಲವೇ ಮಿಲಿಸೆಕೆಂಡಿನ ಕೆಲಸ. 11ನೇ ಆವೃತ್ತಿಯಿಂದ ಸ್ಥಿರವಾದ ಡೀಫಾಲ್ಟ್ ಇದ್ದರೂ ಟೇಬಲ್ ಮತ್ತೆ ಬರೆಯಬೇಕಿಲ್ಲ. ಆದರೂ ಸೈಟ್ ನಿಲ್ಲುತ್ತದೆ. ದುರ್ಗದ ಬೈಲಿನ ಓಣಿಯಲ್ಲಿ ಮುಂದಿನ ಗಾಡಿ ಸರಿಯಲಿ ಎಂದು ಒಂದು ಲಾರಿ ಅಡ್ಡ ತಿರುಗಿ ನಿಂತಂತೆ ಅದು: ಲಾರಿ ಕಾಯುತ್ತಿರುವುದು ಒಂದೇ ಗಾಡಿಗೆ, ಲಾರಿಯ ಹಿಂದೆ ನಿಂತದ್ದು ಇಡೀ ಮಾರ್ಕೆಟ್. ಹಳೆಯ ಉದ್ದದ ಸೆಲೆಕ್ಟ್ (ಓದುವ ಕ್ವೆರಿ) ಮುಗಿಯಲಿ ಎಂದು ಆಲ್ಟರ್ ಕಾಯುತ್ತದೆ, ಆಲ್ಟರ್ ಹಿಂದೆ ಬಂದ ಪ್ರತಿಯೊಂದು ಸೆಲೆಕ್ಟೂ ಸಾಲಿನಲ್ಲಿ ನಿಲ್ಲುತ್ತದೆ. ಪ್ರತಿ ಮೈಗ್ರೇಷನ್ನಿನ (ಟೇಬಲಿನ ರಚನೆ ಬದಲಿಸುವ ಸ್ಕ್ರಿಪ್ಟಿನ) ಮೊದಲ ಸಾಲಿನಲ್ಲೇ ಲಾಕ್ ಟೈಮ್‌ಔಟ್ 2 ಸೆಕೆಂಡ್ ಎಂದು ಬರೆಯಿರಿ. ಸಿಗದಿದ್ದರೆ ಬಿಟ್ಟುಕೊಟ್ಟು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಪ್ರಯತ್ನಿಸಲಿ.

ಇಂಡೆಕ್ಸನ್ನು, ರೈಟುಗಳನ್ನು ತಡೆಯದೆ ಕಟ್ಟುವ ಕನ್‌ಕರೆಂಟ್ಲಿ ಎಂಬ ಪದ ಸೇರಿಸಿಯೇ ಕಟ್ಟಿ. ನಡುವೆ ಕೆಟ್ಟರೆ ಅಮಾನ್ಯ ಇಂಡೆಕ್ಸ್ ಒಂದು ಉಳಿಯುತ್ತದೆ: ಓದಲು ಉಪಯೋಗವಿಲ್ಲ, ಬರೆಯುವ ಖರ್ಚು ಮಾತ್ರ ಇರುತ್ತದೆ. ಅದನ್ನು ಡ್ರಾಪ್ ಮಾಡಿ ಹೊಸದಾಗಿ ಕಟ್ಟಬೇಕು.

ಸ್ಥಿತಿ ಇತಿಹಾಸದ ಟೇಬಲ್ ತಿಂಗಳಿಗೆ 2.4 ಕೋಟಿ ಸಾಲು ಬೆಳೆಯುತ್ತದೆ, ಅದನ್ನು ತಿಂಗಳ ಪ್ರಕಾರ ಪಾರ್ಟಿಷನ್ ಮಾಡಿ, ಅಂದರೆ ತುಂಡುಗಳಾಗಿ ಒಡೆಯಿರಿ. ಹಳೆಯ ತಿಂಗಳನ್ನು ಡಿಲೀಟ್ ಮಾಡಿದರೆ ಕೋಟಿಗಟ್ಟಲೆ ಸತ್ತ ಸಾಲು. ಪಾರ್ಟಿಷನ್ ಬೇರ್ಪಡಿಸಿ ಡ್ರಾಪ್ ಮಾಡಿದರೆ ಕ್ಷಣದ ಕೆಲಸ. ಬೆಲೆ ಏನೆಂದರೆ, ಯೂನಿಕ್ ಕೀಯೊಳಗೆ ದಿನಾಂಕದ ಕಾಲಂ ಇರಲೇಬೇಕು, ಕ್ವೆರಿಯಲ್ಲೂ ದಿನಾಂಕ ಇರಬೇಕು, ಇಲ್ಲದಿದ್ದರೆ ಎಲ್ಲ ತಿಂಗಳುಗಳನ್ನೂ ತಡಕುತ್ತದೆ. ಮುಂದಿನ ಮೂರು ತಿಂಗಳ ಪಾರ್ಟಿಷನ್ ಸದಾ ತಯಾರಿರಲಿ. ಮರೆತರೆ ಒಂದನೇ ತಾರೀಖು ಇನ್ಸರ್ಟ್ ನಿಲ್ಲುತ್ತದೆ, ಅದೂ ಮಧ್ಯರಾತ್ರಿಯಲ್ಲ: ಗಡಿಗಳನ್ನು ಯುಟಿಸಿಯಲ್ಲಿ (ಜಾಗತಿಕ ಸಮಯದಲ್ಲಿ) ಬರೆದಿದ್ದರೆ ನಮ್ಮ ಸಮಯ ಬೆಳಗಿನ 5:30ಕ್ಕೆ, ಹಾಲು-ಪೇಪರ್ ಆರ್ಡರುಗಳು ಶುರುವಾಗುವ ಹೊತ್ತಿಗೆ.

ಶಾರ್ಡ್, ಕಡೆಗೆ

ಇಷ್ಟೆಲ್ಲ ಆದ ಮೇಲೂ ಒಂದು ಸರ್ವರ್ ಸಾಲದಾದಾಗ ಶಾರ್ಡ್. ಇಲ್ಲಿ ಎಲ್ಲಕ್ಕಿಂತ ದೊಡ್ಡ ತೀರ್ಮಾನ ಯಾವುದರ ಮೇಲೆ ಒಡೆಯುವುದು ಎಂಬುದು. ಆರ್ಡರ್ ಐಡಿಯ ಹ್ಯಾಶ್ (ಐಡಿಯಿಂದ ಲೆಕ್ಕ ಹಾಕಿ ಪಡೆದ ಸಂಖ್ಯೆ) ಮೇಲೆ ಒಡೆದರೆ ಭಾರ ಸಮನಾಗಿ ಹಂಚುತ್ತದೆ, ಆದರೆ ‘ಕೇಶ್ವಾಪುರದಲ್ಲಿ ಬಾಕಿ ಇರುವ ಆರ್ಡರ್’ ಎಂದು ಕೇಳಿದರೆ ಎಲ್ಲ ಶಾರ್ಡುಗಳಿಗೂ ಹೋಗಬೇಕು. ಡೆಲಿವರಿಯಲ್ಲಿ ಅಂಗಡಿ, ರೈಡರ್, ಗಿರಾಕಿಯ ವಿಳಾಸ ಮೂರೂ ಒಂದೇ ಊರಿನಲ್ಲಿ ಇರುತ್ತವೆ. ಒಂದು ಟ್ರಾನ್ಸಾಕ್ಷನ್ ಒಂದೇ ಶಾರ್ಡಿನೊಳಗೆ ಮುಗಿಯಬೇಕಾದರೆ ಊರಿನ ಮೇಲೆ ಒಡೆಯುವುದೇ ಸರಿ.

ಊರನ್ನು ಗುರುತಿಸುವುದು ಹೇಗೆ? ಪಿನ್‌ಕೋಡಿನ ಮೊದಲ ಮೂರು ಅಂಕಿ ಎಂದು ಸುಲಭದಲ್ಲಿ ತೀರ್ಮಾನಿಸಬೇಡಿ. ಹಾವೇರಿ 581110, ಕಾರವಾರ 581301, ಎರಡೂ 581. ನಡುವೆ ಇಡೀ ಘಟ್ಟ ಇದೆ, ಇತ್ತ ಕಡೆಯ ರೈಡರ್ ಅತ್ತ ಹೋಗುವ ಮಾತೇ ಇಲ್ಲ. ಹೆಸರು ಎರಡಾಗಿದ್ದರೂ ಹುಬ್ಬಳ್ಳಿ-ಧಾರವಾಡವನ್ನು ಎರಡು ಶಾರ್ಡಿಗೆ ಒಡೆಯುವುದೂ ತಪ್ಪು. ನವನಗರ, ರಾಯಾಪುರದ ಕಡೆ ಅಂಗಡಿ ಒಂದು ಕಡೆ, ಮನೆ ಇನ್ನೊಂದು ಕಡೆ ಇರುತ್ತದೆ, ಅಂಥ ಪ್ರತಿ ಆರ್ಡರೂ ಎರಡು ಡೇಟಾಬೇಸಿಗೆ ಹರಡುತ್ತದೆ. ಆಡಳಿತದ ಗಡಿಯಲ್ಲ, ರೈಡರುಗಳು ನಿಜವಾಗಿ ಓಡಾಡುವ ಗಡಿಯೇ ಘಟಕವಾಗಬೇಕು. ಅದನ್ನು ವಲಯ ಎಂದು ಕರೆದು, ವಲಯದ ಸಂಖ್ಯೆಯನ್ನು ಆರ್ಡರ್ ಐಡಿಯೊಳಗೇ ಸೇರಿಸಿ. ಐಡಿ ನೋಡಿದರೇ ಎಲ್ಲಿಗೆ ಹೋಗಬೇಕೆಂದು ತಿಳಿಯುತ್ತದೆ.

ಊರಿನ ಮೇಲೆ ಒಡೆದರೆ ಬೆಂಗಳೂರು ಒಂದೇ ಉಳಿದೆಲ್ಲಕ್ಕಿಂತ ಭಾರ. ಆದ್ದರಿಂದ ವಲಯಗಳನ್ನು ಸಣ್ಣದಾಗಿ, ಹೆಚ್ಚಾಗಿ ಮಾಡಿ, ಯಾವ ವಲಯ ಯಾವ ಸರ್ವರಿನಲ್ಲಿ ಎಂಬುದನ್ನು ಪ್ರತ್ಯೇಕ ಪಟ್ಟಿಯಲ್ಲಿಡಿ. ನೋಷನ್ ಎಂಬ ಟಿಪ್ಪಣಿ ಆ್ಯಪಿನವರು 2021ರಲ್ಲಿ ಪೋಸ್ಟ್‌ಗ್ರೆಸ್ ಒಡೆದಾಗ 480 ತಾರ್ಕಿಕ ಶಾರ್ಡುಗಳನ್ನು 32 ಡೇಟಾಬೇಸುಗಳ ಮೇಲೆ ಇಟ್ಟರು. 480 ಅನೇಕ ಸಂಖ್ಯೆಗಳಿಂದ ಭಾಗವಾಗುವುದರಿಂದ ಮುಂದೆ 40 ಅಥವಾ 48 ಸರ್ವರಿಗೂ ಸಮನಾಗಿ ಹಂಚಬಹುದು. ನಮ್ಮ ಉದಾಹರಣೆಯಲ್ಲಿ ಗದಗ, ಹಾವೇರಿ, ಹುಬ್ಬಳ್ಳಿ-ಧಾರವಾಡ ಮೂರೂ ಒಂದೇ ಯಂತ್ರದಲ್ಲಿ ಬೇರೆ ಬೇರೆ ಸ್ಕೀಮಾಗಳಾಗಿ (ಡೇಟಾಬೇಸಿನೊಳಗಿನ ಪ್ರತ್ಯೇಕ ವಿಭಾಗಗಳಾಗಿ) ಇರಬಹುದು.

ಒಂದು ವಲಯವನ್ನು ಹೊಸ ಸರ್ವರಿಗೆ ಸಾಗಿಸಲು ಲಾಜಿಕಲ್ ರೆಪ್ಲಿಕೇಷನ್, ಅಂದರೆ ಆರಿಸಿದ ಟೇಬಲುಗಳ ಸಾಲುಗಳನ್ನಷ್ಟೇ ನಕಲು ಮಾಡುವುದು. ಟೇಬಲಿನ ರಚನೆಯನ್ನು ಅದು ಒಯ್ಯುವುದಿಲ್ಲ, ಮೊದಲೇ ಕಟ್ಟಿರಬೇಕು. ಸಾಗಣೆ ನಡೆಯುವಾಗ ಮೈಗ್ರೇಷನ್ ಬಂದ್. ಹೊಸ ಸರ್ವರ್ ಹಿಂದಿನದಕ್ಕೆ ಸಮ ಬಂದ ಮೇಲೆ ಬೆಳಗಿನ ಜಾವ ಮೂರರ ಸುಮಾರಿಗೆ ಆ ವಲಯದ ರೈಟನ್ನು ಪಿಜಿಬೌನ್ಸರಿನಲ್ಲೇ ತಡೆದು, ಬಾಕಿ ವಾಲ್ ಸೊನ್ನೆಯಾಗುವವರೆಗೆ ಕಾದು, ಪಟ್ಟಿಯಲ್ಲಿ ವಿಳಾಸ ಬದಲಿಸಿ, ಬಿಡಬೇಕು. ಇಲ್ಲಿ ಹೊಸ ಸಾಲಿಗೆ ಸಂಖ್ಯೆ ಕೊಡುವ ಸೀಕ್ವೆನ್ಸಿನ ಬೆಲೆಗಳನ್ನು ಕೈಯಾರೆ ಹೊಂದಿಸಬೇಕು. ಅದನ್ನು ಬಿಟ್ಟರೆ ಹೊಸ ಸರ್ವರ್ 1ರಿಂದ ಎಣಿಸಲು ಶುರು ಮಾಡಿ, ಮೊದಲ ಆರ್ಡರಿಗೇ ಡೂಪ್ಲಿಕೇಟ್ ಕೀ ಎರರ್. ಹಳೆಯ ಗರಿಷ್ಠ ಬೆಲೆಗೆ 1 ಲಕ್ಷ ಸೇರಿಸಿ ಇಡುವುದು ಸುರಕ್ಷಿತ.

ಗಿರಾಕಿ ಇವತ್ತು ಧಾರವಾಡದಲ್ಲಿ, ನಾಳೆ ಮೈಸೂರಿನಲ್ಲಿ ಆರ್ಡರ್ ಹಾಕುತ್ತಾರೆ. ಅವರ ಹಳೆಯ ಆರ್ಡರುಗಳ ಪಟ್ಟಿ ಎರಡು ಶಾರ್ಡಿನಲ್ಲಿದೆ. ಇದಕ್ಕಾಗಿ ಗಿರಾಕಿಯ ಐಡಿ ಪ್ರಕಾರ ಜೋಡಿಸಿದ, ಓದಲಷ್ಟೇ ಬಳಸುವ ಇನ್ನೊಂದು ಪ್ರತಿ ಇಡಿ. ಆರ್ಡರ್ ಬರೆಯುವ ಅದೇ ಟ್ರಾನ್ಸಾಕ್ಷನ್ನಿನಲ್ಲಿ ಔಟ್‌ಬಾಕ್ಸ್ ಎಂಬ ಟೇಬಲಿಗೆ ಒಂದು ಸಾಲು ಬರೆದು, ಅಲ್ಲಿಂದ ಬೇರೊಂದು ಪ್ರೊಸೆಸ್ ಅದನ್ನು ಎತ್ತಿ ಸಾಗಿಸಬೇಕು. ಆ್ಯಪ್ ಕೋಡೇ ಎರಡೂ ಕಡೆ ಬರೆದರೆ, ಮೊದಲನೆಯದು ಆಗಿ ಎರಡನೆಯದು ಕೆಟ್ಟಾಗ ಎರಡು ಕಡೆ ಎರಡು ಸತ್ಯ ಉಳಿಯುತ್ತವೆ.

ಬಿದ್ದಾಗ ಏಳುವುದು

ಮುಖ್ಯ ಸರ್ವರ್ ಸತ್ತರೆ ರೆಪ್ಲಿಕಾವನ್ನು ಮೇಲಕ್ಕೇರಿಸಲು ಪಾಟ್ರೋನಿ ಎಂಬ ತಂತ್ರಾಂಶ, ಯಾರು ಮುಖ್ಯ ಎಂಬ ತೀರ್ಮಾನ ಇಡಲು ಅದಕ್ಕೆ ಮೂರು ಯಂತ್ರಗಳ ಎಟ್‌ಸಿಡಿ. ಎರಡೇ ಇದ್ದರೆ ಒಂದು ಹೋದಾಗ ಬಹುಮತ ಇಲ್ಲದೆ ತೀರ್ಮಾನವೇ ಆಗುವುದಿಲ್ಲ. ಅಸಿಂಕ್ರೊನಸ್ ರೆಪ್ಲಿಕಾ (ಮುಖ್ಯ ಸರ್ವರ್ ಯಾರ ಒಪ್ಪಿಗೆಗೆ ಕಾಯುವುದಿಲ್ಲವೋ ಅದು) ಮೇಲೇರಿದರೆ ಕೊನೆಯ ಕ್ಷಣದ ಕೆಲ ರೈಟು ಕಳೆಯಬಹುದು. ಸಿಂಕ್ರೊನಸ್ ಕಮಿಟ್ ಎಂಬ ಸೆಟ್ಟಿಂಗನ್ನು ಟ್ರಾನ್ಸಾಕ್ಷನ್ ಮಟ್ಟದಲ್ಲಿ ಬದಲಿಸಬಹುದು ಎಂಬುದು ಭಾಳ ಮಂದಿಗೆ ಗೊತ್ತಿಲ್ಲ: ಪೇಮೆಂಟ್ ಮತ್ತು ಆರ್ಡರ್ ಹುಟ್ಟುವಿಕೆಗೆ ರೆಪ್ಲಿಕಾದ ಒಪ್ಪಿಗೆ ಕಾಯಿರಿ, ಉಳಿದ ಸ್ಥಿತಿ ಬದಲಾವಣೆಗೆ ಸ್ಥಳೀಯ ಡಿಸ್ಕಿಗೆ ಬಿದ್ದರೆ ಸಾಕು. ಅದಕ್ಕೆ ಕನಿಷ್ಠ ಎರಡು ರೆಪ್ಲಿಕಾ ಇರಲಿ, ಒಂದೇ ಇದ್ದು ಅದು ಬಿದ್ದರೆ ಪೇಮೆಂಟ್ ಕಮಿಟ್‌ಗಳೆಲ್ಲ ಕಾಯುತ್ತ ನಿಲ್ಲುತ್ತವೆ.

ರೆಪ್ಲಿಕಾ ಬ್ಯಾಕಪ್ ಅಲ್ಲ. ತಪ್ಪಿ ಹಾಕಿದ ಡಿಲೀಟ್ ಕೆಲವೇ ಮಿಲಿಸೆಕೆಂಡಿನಲ್ಲಿ ಅಲ್ಲಿಗೂ ಮುಟ್ಟುತ್ತದೆ. ಪಿಜಿಬ್ಯಾಕ್‌ರೆಸ್ಟ್ ಎಂಬ ಬ್ಯಾಕಪ್ ತಂತ್ರಾಂಶದಿಂದ ವಾರಕ್ಕೊಂದು ಪೂರ್ಣ ಬ್ಯಾಕಪ್, ದಿನಕ್ಕೊಂದು ವ್ಯತ್ಯಾಸದ ಬ್ಯಾಕಪ್, ನಿರಂತರ ವಾಲ್ ಆರ್ಕೈವ್ ಇಟ್ಟರೆ ಬೇಕಾದ ನಿಮಿಷಕ್ಕೆ ಹಿಂದಿರುಗಬಹುದು. ದಸರಾ-ದೀಪಾವಳಿಯ ಗದ್ದಲ ಶುರುವಾಗುವ ಒಂದು ತಿಂಗಳ ಮೊದಲು ಒಂದು ಖಾಲಿ ಯಂತ್ರದ ಮೇಲೆ ಇದನ್ನು ಪೂರ್ತಿ ಮರುಸ್ಥಾಪಿಸಿ, ಗಡಿಯಾರ ಹಿಡಿದು ಅಳೆಯಿರಿ. ನಿನ್ನೆ ರಾತ್ರಿ 8:15ರ ಸ್ಥಿತಿಗೆ ತನ್ನಿ, ಆ ಹೊತ್ತಿನ ಆರ್ಡರ್ ಮೊತ್ತವನ್ನು ಪೇಮೆಂಟ್ ಗೇಟ್‌ವೇ ಪಟ್ಟಿಯೊಂದಿಗೆ ತಾಳೆ ಹಾಕಿ, ಟೇಬಲುಗಳ ಅಂಕಿಅಂಶ ಹೊಸದಾಗಿ ಕಟ್ಟುವ ಅನಲೈಜ್ ಆದೇಶ ಓಡಿಸಿ, ಆ್ಯಪಿನ ಪರೀಕ್ಷಾ ಪ್ರತಿಯನ್ನು ಅದಕ್ಕೆ ಜೋಡಿಸಿ ಒಂದು ಆರ್ಡರ್ ಹಾಕಿ ನೋಡಿ. ಕೀಲಿಗಳು ಯಾರ ಬಳಿ ಇವೆ, ಯಾವ ಫೈರ್‌ವಾಲ್ ಅಡ್ಡ ಬಂತು, ಯಾವ ಎಕ್ಸ್‌ಟೆನ್ಷನ್ ಹೊಸ ಯಂತ್ರದಲ್ಲಿ ಇರಲಿಲ್ಲ ಎಂಬುದನ್ನೆಲ್ಲ ಹಂತಹಂತವಾಗಿ ಬರೆದಿಡಿ, ಮತ್ತು ಮುಂದಿನ ಸಲ ಅದೇ ಕಾಗದವನ್ನು ತಂಡದ ಹೊಸಬರ ಕೈಗೆ ಕೊಟ್ಟು ಅವರಿಂದಲೇ ಮಾಡಿಸಿ.